ಮಟ್ಟಪ್ಪ ಹಾಸಿದ ಮರಳು

ಗಾರೆ ಕೆಲಸದವರ ನಡುವೆ ಅವನಿಗೆ ಮಟ್ಟಪ್ಪ ಎಂದೇ ಹೆಸರು. ಅವನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಅದು ಇಟ್ಟಲ್ಲೇ ಇರಬೇಕು. ಕೆಲಸ ಬಿಟ್ಟ ಮೇಲೂ ಚಟ ಬಿಡಲಿಲ್ಲ. ಚಹದಂಗಡಿಗೆ ಹೋದರೆ ಮೊದಲು ಮೇಜು ಅಲುಗಾಡಿಸಿ ನೋಡಿ, ಕುಂಟುವ ಕಾಲಿನಡಿ ಕಾಗದ ಮಡಚಿ ತುರುಕಿದ ಮೇಲೆಯೇ ಲೋಟಕ್ಕೆ ಕೈ ಹಾಕುವುದು. ಜನರ ಜಗಳವನ್ನೂ ಅವನು ಹಾಗೇ ನೋಡುತ್ತಿದ್ದ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ನೋಡಿ ಉಜ್ಜಿ ಸಮ ಮಾಡಿಬಿಟ್ಟರೆ ಮುಗಿಯಿತು! ಒಬ್ಬಳೇ ಮಗಳ ಸಂಸಾರವನ್ನೂ ಎರಡು ಸಲ ಹೀಗೆ ಉಜ್ಜಿದ್ದ. ಎರಡು ಸಲವೂ ಅವಳು ಅತ್ತುಕೊಂಡು ಬಂದಿದ್ದಳು, ಎರಡು ಸಲವೂ ಇವನೇ ಕರೆದುಕೊಂಡು ಹೋಗಿ ಗಂಡನ ಮನೆಯಲ್ಲಿ ಬಿಟ್ಟು, ಬೀಗರ ಜೊತೆ ನಗುನಗುತ್ತ ಮಾತಾಡಿ ಬಂದಿದ್ದ. ಏನಾಯಿತು ಎಂದು ಮಗಳನ್ನು ಕೇಳಿದ್ದು ಮಾತ್ರ ಇಲ್ಲ.

ಮೂರನೇ ಸಲ ಬಂದಾಗ ಅವಳು ಅಳಲಿಲ್ಲ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಮುಚ್ಚಳ ಹಾಕಿದ ಬಕೆಟ್ಟು. ಬಕೆಟ್ಟಿನೊಳಗೆ ಚೂಪು ಮೂತಿಯ, ಹಾವಿನಂಥ ಉದ್ದನೆಯ ಒಂದು ಮೀನು. ಇದು ಮರಳಿನಲ್ಲಿ ಹೂತುಕೊಂಡು ಬದುಕುವ ಜಾತಿ, ಮರಳಿಲ್ಲದಿದ್ದರೆ ಹೆದರಿಯೇ ಸಾಯುತ್ತದೆ ಎಂದಳು. ಆ ಮನೆಯ ವಿಷಯ ಒಂದಕ್ಷರ ಆಡಲಿಲ್ಲ.

ಮರಳು ಎಂದ ಕೂಡಲೇ ಮಟ್ಟಪ್ಪನ ಕಿವಿ ನೆಟ್ಟಗಾಯಿತು. ಮಗಳಿಗೆ ಸಮಾಧಾನ ಹೇಳಲು ಬಾರದ ಮನುಷ್ಯನಿಗೆ ಕೊನೆಗೂ ಕೈಗೆ ಕೆಲಸ ಸಿಕ್ಕಿತು. ಹಳೆಯ ಗಾಜಿನ ತೊಟ್ಟಿ ಕೊಂಡುತಂದ. ಹೊಳೆಯ ಮರಳು ತರಿಸಿ, ಸಣ್ಣ ಜರಡಿಯಲ್ಲಿ ಜಾಲಿಸಿ, ನೀರು ತಿಳಿಯಾಗುವ ತನಕ ತೊಳೆದ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಒಂದು ಗೇಣು ದಪ್ಪ ಹಾಸಿ, ಬಚ್ಚಲ ನೆಲವನ್ನು ಬಡಿಯುವ ಹಾಗೆ ಹಲಗೆಯಿಂದ ಬಡಿದು ಗಟ್ಟಿ ಮಾಡಿ, ರಸಮಟ್ಟ ಇಟ್ಟು ನೋಡಿದ. ಅದರ ಗಾಜಿನೊಳಗಿನ ಗುಳ್ಳೆ ನಡುವಿನಿಂದ ಕೂದಲೆಳೆಯಷ್ಟೂ ಸರಿಯಲಿಲ್ಲ. ಆಮೇಲೆ ಮೀನು ಎಲ್ಲಿ ಕೆದಕಿದರೂ, ಮಗಳು ಹೊಸದಾಗಿ ಹಿಡಿದ ಔಷಧಿ ಅಂಗಡಿಯ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಕೈ ಇಳಿಸಿ ಒತ್ತಿ ಸಮ ಮಾಡಿಡುತ್ತಿದ್ದ. ಪಾಪದ ಪ್ರಾಣಿಗೆ ಕೊನೆಗೆ ಉಳಿದದ್ದು ನೀರಿಗೆ ಗಾಳಿ ಬಿಡುವ ಕೊಳವೆಯ ಹಿಂದೆ ಅವನು ಒತ್ತದೆ ಬಿಟ್ಟ ಒಂದು ಮೂಲೆ.

ಇಷ್ಟರಲ್ಲಿ ಬೀಗರು ಫೋನು ಮಾಡಿದರು. ಮಗನನ್ನು ಕರೆದುಕೊಂಡು ಬರುತ್ತೇವೆ, ಕೂತು ಮಾತಾಡಿ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇವೆ ಎಂದರು. ಬನ್ನಿ ಬನ್ನಿ ಎಂದ ಮಟ್ಟಪ್ಪ. ಮಗಳ ಮುಂದೆ ಮಾತ್ರ ಬಾಯಿ ಬಿಡಲಿಲ್ಲ.

ಅವರು ಬರುವ ದಿನ ಮಧ್ಯಾಹ್ನ ಮನೆ ಒಪ್ಪವಾಗಿರಲಿ ಎಂದು ತೊಟ್ಟಿಯ ಗಾಜು ಒರೆಸಲು ಕೂತ. ತಳದ ಹತ್ತಿರ ಮರಳು ಕಪ್ಪಾಗಿತ್ತು. ಕೊಳೆಯೆಂದು ಉಜ್ಜಿದ, ಹೋಗಲಿಲ್ಲ. ಕಪ್ಪು ಗಾಜಿನ ಮೇಲಲ್ಲ, ಒಳಗಿತ್ತು. ಬೆರಳಿನಿಂದ ಮರಳನ್ನು ತುಸು ಒತ್ತಿದ್ದೇ ತಡ, ದೊಡ್ಡ ಗುಳ್ಳೆಯೊಂದು ಮೇಲೆ ಬಂದು ಒಡೆಯಿತು. ಕೊಳೆತ ಮೊಟ್ಟೆಯ ನಾತ! ತೊಟ್ಟಿ ಮಾರಿದ್ದ ಸಾಕುಮೀನಿನ ಅಂಗಡಿಯವನಿಗೆ ಫೋನು ಹಚ್ಚಿ ಕಂಡದ್ದನ್ನು ಹೇಳಿದ.

"ಮರಳು ಎಷ್ಟು ದಪ್ಪ ಹಾಕಿದ್ದೀರಿ?"

"ಒಂದು ಗೇಣು. ಚೆನ್ನಾಗಿ ಬಡಿದು ಹಾಕಿದ್ದೀನಿ."

"ಬಡಿದ್ರಾ? ಮೀನಿನ ತೊಟ್ಟಿ ರೀ ಅದು, ರಸ್ತೆ ಅಲ್ಲ! ಅಡಿಯಲ್ಲಿ ಗಾಳಿ ಆಡದೆ ವಿಷ ಕಟ್ಟಿದೆ. ಕೆದಕಿದ್ರೋ, ಎಲ್ಲಾ ಒಟ್ಟಿಗೆ ನೀರಿಗೆ ಸೇರಿ ಮೀನು ಸತ್ತೇ ಹೋಗುತ್ತೆ. ಮೊದಲು ಮೀನು ಹೊರಗೆ ತೆಗೀರಿ."

ತೆಗೆಯುವುದು ಹೇಗೆ? ಮೀನು ಆ ಮೂಲೆಯಲ್ಲೇ ಹೂತುಕೊಂಡಿತ್ತು, ಹೊರಗಿದ್ದದ್ದು ಮೂತಿಯ ತುದಿ ಮಾತ್ರ. ಮಟ್ಟಪ್ಪ ಅಂಗಿಯ ತೋಳು ಮೇಲಕ್ಕೆಳೆದು ಕೈ ಇಳಿಸಿದ. ಮೂತಿ ಒಳಗೆ ಸೇರಿತು. ಅದರ ಪಕ್ಕದಿಂದ ಎರಡು ಗುಳ್ಳೆ ಎದ್ದವು. ಕೈ ತೆಗೆದರೂ ಕಷ್ಟ, ಆಡಿಸಿದರೂ ಕಷ್ಟ. ಭುಜದ ತನಕ ನೀರಿನಲ್ಲಿ ಕೈ ಇಟ್ಟುಕೊಂಡು ಹಾಗೇ ನಿಂತುಬಿಟ್ಟ. ಕೆಲಸ ಮುಗಿಸಿ ಬಂದ ಮಗಳು ಬಾಗಿಲಲ್ಲಿ ಕಂಡದ್ದು ಈ ಅವತಾರವನ್ನು.

ಅವಳು ವಾಸನೆ ಹಿಡಿದಳು, ಕಪ್ಪನ್ನು ನೋಡಿದಳು, ಕೂಗಾಡಲಿಲ್ಲ.

"ಕೈ ನಿಧಾನವಾಗಿ ತೆಗೀರಿ ಅಪ್ಪ."

"ಗಾರೆ ಕರಣಿ ಹಾಕಿ ಒಂದೇ ಸಲಕ್ಕೆ ಎತ್ತಿಬಿಡ್ಲಾ?"

"ಬೇಡ. ಎಳೆದ್ರೆ ಇನ್ನೂ ಆಳಕ್ಕೆ ಹೋಗುತ್ತೆ. ತಾನಾಗಿ ಬರ್ಲಿ."

ಹೂಕುಂಡದಿಂದ ಎರೆಹುಳ ತಂದು, ದಾರಕ್ಕೆ ಕಟ್ಟಿ, ಮೂಲೆಯ ಮುಂದೆ ಇಳಿಬಿಟ್ಟಳು. ಪಕ್ಕದಲ್ಲಿ ಮಟ್ಟಪ್ಪ ಅಡುಗೆಮನೆಯ ಜರಡಿಯನ್ನು ನೀರಿನಲ್ಲಿ ಹಿಡಿದು ಕಾದ. ಮೂತಿ ಹೊರಬಂತು. ನಿಂತಿತು. ಇನ್ನೊಂದು ಗುಳ್ಳೆ ಎದ್ದಾಗ ಮತ್ತೆ ಒಳಗೆ ಹೋಯಿತು.

"ಆ ಮನೇಲಿ ನಮ್ಮ ಯಜಮಾನ್ರಿಗೆ ಸಿಟ್ಟು ಬಂದಾಗೆಲ್ಲ ತೊಟ್ಟಿಗೆ ಕೋಲು ಹಾಕಿ ಕೆದಕೋರು," ಎಂದಳು ಮಗಳು, ಕಣ್ಣು ದಾರದ ಮೇಲೇ ಇತ್ತು. "ಇದು ಮರಳೊಳಗೆ ಹೋಗಿ ಬಚ್ಚಿಟ್ಕೊಳ್ಳೋದು. ಆಮೇಲೆ ಅದೇ ಕೋಲು ನನ್ನ ಕಡೆ ತಿರುಗೋದು. ನನಗೆ ಹೋಗೋಕೆ ಜಾಗ ಇರ್ಲಿಲ್ಲ. ಇಲ್ಲಿಗೆ ಬಂದ್ರೆ ನೀವು ಮತ್ತೆ ಅಲ್ಲಿಗೇ ಬಿಡ್ತಿದ್ರಿ."

ಮಟ್ಟಪ್ಪ ಥಟ್ಟನೆ ಅವಳತ್ತ ತಿರುಗಿದ, ಜರಡಿ ಗಾಜಿಗೆ ತಗುಲಿತು. "ಅಲುಗಿಸಬೇಡಿ," ಎಂದಳು ಅವಳು. ಅವನು ಅಲುಗಿಸಲಿಲ್ಲ. ಕೈ ಕಲ್ಲಿನಂತೆ ನಿಂತಿತು.

ಮೀನು ಮತ್ತೆ ಬಂತು. ತಲೆ, ಕತ್ತು, ಅರ್ಧ ಮೈ. ಹುಳಕ್ಕೆ ಬಾಯಿ ಹಾಕಿ ಎಳೆಯುತ್ತ ಪೂರ್ತಿ ಈಚೆ ಬಂದಾಗ ಮಟ್ಟಪ್ಪ ಜರಡಿಯನ್ನು ಅದರಡಿಗೆ ತೂರಿಸಿ ಎತ್ತಿದ. ಅದರ ಬಾಲ ತಗುಲಿ ಮರಳು ಬಿರಿಯಿತು, ಗುಳ್ಳೆಗಳು ಬುಳಬುಳನೆ ಎದ್ದು ಕೋಣೆಯೆಲ್ಲ ನಾರಿತು. ಮೀನು ಅಷ್ಟರಲ್ಲಿ ಬಕೆಟ್ಟಿನ ಒಳ್ಳೆಯ ನೀರಿನಲ್ಲಿತ್ತು. ಮೊದಲು ಒಂದು ಪಕ್ಕಕ್ಕೆ ಬಾಗಿ ಸುಮ್ಮನೆ ಬಿದ್ದಿತ್ತು. ಇಬ್ಬರೂ ಬಕೆಟ್ಟಿನ ಮೇಲೆ ಬಗ್ಗಿ ನೋಡಿದರು. ಅದರ ಕಿವಿರು ಆಡಿತು, ಮತ್ತೆ ಆಡಿತು.

ಬಾಗಿಲ ಗಂಟೆ ಸದ್ದು ಮಾಡಿತು.

"ಯಾರು ಈ ಹೊತ್ತಲ್ಲಿ?" ಎಂದಳು ಮಗಳು.

ಅವನು ಎದ್ದುಹೋಗಿ ಬಾಗಿಲನ್ನು ಅರ್ಧ ತೆರೆದ. ಬೀಗರು ಹಲ್ಲು ಕಿರಿದರು. ಅವರ ಹಿಂದೆ ಅಳಿಯ, ಇಸ್ತ್ರಿ ಅಂಗಿಯಲ್ಲಿ.

"ಏನು ಬೀಗರೇ, ಒಳಗೆ ಕರೆಯಲ್ವಾ?"

ಎಂಥವರನ್ನೂ ಸಮ ಮಾಡುವ ಮಾತುಗಳು ಮಟ್ಟಪ್ಪನ ನಾಲಿಗೆಯಲ್ಲಿ ಯಾವಾಗಲೂ ಸಿದ್ಧವಿರುತ್ತಿದ್ದವು. ಅಂದು ಒಂದೂ ಬರಲಿಲ್ಲ. ಕೈಯಿಂದ ಕಪ್ಪು ನೀರು ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಕರೆಯಲ್ಲ," ಎಂದ. "ಬನ್ನಿ ಅಂದಿದ್ದು ನನ್ನ ತಪ್ಪು. ಎರಡು ಸಲ ನಾನೇ ತಂದು ಬಿಟ್ಟೆ. ಇನ್ನು ಬಿಡಲ್ಲ. ಅವಳು ಇಲ್ಲೇ ಇರ್ತಾಳೆ." ಅಳಿಯ ಒಂದು ಹೆಜ್ಜೆ ಮುಂದಿಟ್ಟ. ಮಟ್ಟಪ್ಪ ಬಾಗಿಲಿಗೆ ಅಡ್ಡ ಕೈ ಇಟ್ಟ. "ಕೋಲು ತಂದಿದ್ದೀಯೇನಪ್ಪಾ?" ಎಂದು ಕೇಳಿದ. ಅಳಿಯನ ಮುಖ ಸಪ್ಪಗಾಯಿತು. ಮಟ್ಟಪ್ಪ ಬಾಗಿಲು ಮುಚ್ಚಿ ಚಿಲಕ ಹಾಕಿದ.

ಒಳಗೆ ಬಂದಾಗ ಮಗಳು ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಎಲ್ಲವೂ ಕೇಳಿಸಿತ್ತು. ಈ ಸಲ ಬಂದ ಮೇಲೆ ಮೊದಲ ಬಾರಿಗೆ ಅವಳು ಅಳುತ್ತಿದ್ದಳು. ಮಟ್ಟಪ್ಪ ಎದುರಿಗೆ ಕುಕ್ಕರಿಸಿದ.

ಅವಳು ಮೂಗೊರೆಸಿಕೊಂಡಳು. "ಮರಳು ಎರಡು ಬೆರಳು ದಪ್ಪ ಇದ್ರೆ ಸಾಕು ಅಪ್ಪ. ಬಡೀಬಾರ್ದು."

"ನೀನೇ ಹಾಕಮ್ಮ," ಎಂದ ಮಟ್ಟಪ್ಪ. "ನಾನು ತೊಳೆದು ಕೊಡ್ತೀನಿ, ಅಷ್ಟೇ."