ಗಂಗಾಲಕ್ಷ್ಮಿಯ ಕೈಗುಣ

ಜೀಪಿನ ಮುಂದಿನ ಸೀಟಿನಲ್ಲಿ ಶ್ರೀಕೃಷ್ಣರಾಯರು, ಹಿಂದಿನ ಸೀಟಿನಲ್ಲಿ ಗಂಗಾಲಕ್ಷ್ಮಿ, ಗಂಗಾಲಕ್ಷ್ಮಿಯ ತೊಡೆಯ ಮೇಲೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಕಂಪ್ಯೂಟರಿನ ಸಿಪಿಯು ಡಬ್ಬ. ಕೋಲಾರದ ಕೆರೆ ಯೋಜನೆಯ ಕಚೇರಿಯಿಂದ ಮಾಲೂರಿಗೋ ಮುಳಬಾಗಿಲಿಗೋ ಶ್ರೀನಿವಾಸಪುರಕ್ಕೋ ಸವಾರಿ ಹೊರಟಿತೆಂದರೆ ಇದೇ ವ್ಯವಸ್ಥೆ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಅವಳು ಡಬ್ಬವನ್ನು ಎದೆಗೊತ್ತಿ ಹಿಡಿಯಬೇಕು. ಡ್ರೈವರ್ ದೊಡ್ಡಮುನಿಯಪ್ಪ ಕನ್ನಡಿಯಲ್ಲಿ ನೋಡಿ, "ಮಗೂಗೆ ನಿದ್ದೆ ಬಂತಾ ಮೇಡಮ್ನೋರೆ?" ಎಂದು ರೇಗಿಸುತ್ತಿದ್ದ. ಮೊದಮೊದಲು ಅವಳಿಗೂ ನಗು ಬರುತ್ತಿತ್ತು. ಮದುವೆಯ ಮಾತು ಮನೆಯಲ್ಲಿ ಎದ್ದೆದ್ದು ಕೂರುತ್ತಿದ್ದ ಆ ವಯಸ್ಸಿನಲ್ಲಿ ಅದೇ ಹಾಸ್ಯ ಎಷ್ಟು ಸಲ ಹಿಡಿಸೀತು?

ಇದು ಎರಡು ಸಾವಿರದ ಐದರ ಮಾತು. ಜಿಲ್ಲೆಯ ಕೆರೆಗಳ ಹೂಳೆತ್ತಿಸುವ ಯೋಜನೆ ನಡೆದಿತ್ತು. ವಕ್ಕಲೇರಿಯ ಗಂಗಾಲಕ್ಷ್ಮಿ ಬಿ.ಎಡ್. ಮುಗಿಸಿ, ಟೀಚರ್ ಕೆಲಸ ಸಿಗುವವರೆಗೆ ಸುಮ್ಮನೆ ಕೂರುವುದೇಕೆಂದು ಕಂಪ್ಯೂಟರ್ ಕಲಿತು ಆ ಕಚೇರಿಗೆ ಗುತ್ತಿಗೆಯ ಮೇಲೆ ಸೇರಿದಳು. ಜಿಲ್ಲೆಯ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸುವುದು, ಅದರ ಮೇಲೆ ಕೆರೆಗಳನ್ನು ಗುರುತಿಸುವುದು ಅವಳ ಕೆಲಸ. ಆಮೇಲೆ ಅವಳೇ ಒಂದು ಚಮತ್ಕಾರವನ್ನೂ ಕಲಿತಳು. ಪರದೆಯ ಮೇಲಿನ ಮಿಂಚಿನ ಗುರುತನ್ನು ಒತ್ತಿ, ಯಾವುದಾದರೂ ಕೆರೆಯ ಮೇಲೆ ಕ್ಲಿಕ್ ಮಾಡಿದರೆ ಆ ಕೆರೆಯ ಫೋಟೋ ತೆರೆದುಕೊಳ್ಳುತ್ತಿತ್ತು. ಹೋಳೂರಿನ ಕೆರೆ ಒತ್ತಿದರೆ ಹೋಳೂರಿನ ತೂಬು, ಏರಿ, ಏರಿಯ ಮೇಲೆ ನಿಂತ ಎಮ್ಮೆ ಸಮೇತ ಕಣ್ಣೆದುರಿಗೆ ಬರುತ್ತಿತ್ತು.

ಯೋಜನೆಯ ಅಧಿಕಾರಿ ಶ್ರೀಕೃಷ್ಣರಾಯರು ಮುಳಬಾಗಿಲಿನ ಕಡೆಯವರು, ನಿವೃತ್ತಿಗೆ ಹತ್ತಿರವಾದವರು, ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಟ್ಟವರ ಕೈಯಿಂದ ತಪ್ಪಿಸಿಕೊಳ್ಳುವುದು ಸುಲಭ. ಅವರಿಗೆ ಈ ಫೋಟೋ ತೆರೆಯುವ ನಕ್ಷೆ ಎಂದರೆ ಪಂಚಪ್ರಾಣ. ಹಳ್ಳಿಯ ಜನ ತಮ್ಮ ಕೆರೆಯನ್ನು ಪರದೆಯ ಮೇಲೆ ಕಂಡು "ಅರೆರೆ" ಎಂದರೆ ರಾಯರ ಮುಖ ಅರಳುತ್ತಿತ್ತು.

ತೊಂದರೆ ಒಂದೇ. ಆ ಲಿಂಕು ಗಂಗಾಲಕ್ಷ್ಮಿಯ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ತೆರೆಯುತ್ತಿರಲಿಲ್ಲ. ಸಿಡಿಗೆ ಹಾಕಿ ರಾಯರ ಕಂಪ್ಯೂಟರಿಗೆ ಕೊಟ್ಟರೆ ನಕ್ಷೆ ಬರುತ್ತಿತ್ತು, ಕೆರೆಗಳು ಬರುತ್ತಿದ್ದವು, ಒತ್ತಿದರೆ ಮಾತ್ರ ಇಂಗ್ಲಿಷಿನಲ್ಲಿ ಏನೋ ಬರೆದ ಚೌಕವೊಂದು ಟಣ್ ಎಂದು ಎದ್ದು ನಿಲ್ಲುತ್ತಿತ್ತು. ಪಕ್ಕದ ಮೇಜಿನ ಆದಿಲಕ್ಷ್ಮಿಯ ಕಂಪ್ಯೂಟರಿನಲ್ಲೂ ಅದೇ ಟಣ್. ಹೀಗಾಗಿ ಎಲ್ಲಿ ಸಭೆಯಾದರೂ ಗಂಗಾಲಕ್ಷ್ಮಿಯ ಸಿಪಿಯು ಹೋಗಬೇಕು, ಅದರ ಜೊತೆ ಅವಳೂ ಹೋಗಬೇಕು ಎಂಬುದು ಪದ್ಧತಿಯಾಯಿತು.

ಇದಕ್ಕೆ ಕಚೇರಿಯವರು ಕೊಟ್ಟುಕೊಂಡ ಕಾರಣ ಕೇಳಿ. ಕೈಗುಣ! ಒಬ್ಬರ ಕೈಯಲ್ಲಿ ನೆಟ್ಟ ಗಿಡ ಚಿಗುರುತ್ತದೆ, ಒಬ್ಬರ ಕೈಯ ಬೋಣಿಯಿಂದ ವ್ಯಾಪಾರ ಏಳುತ್ತದೆ, ಹಾಗೆ ಗಂಗಾಲಕ್ಷ್ಮಿಯ ಕೈಯಲ್ಲಿ ಲಿಂಕು ತೆರೆಯುತ್ತದೆ. ಆದಿಲಕ್ಷ್ಮಿ ಬೆಳಿಗ್ಗೆ ಬಂದವಳೇ, "ಅಕ್ಕ, ನೀವೊಂದ್ಸಲ ನಮ್ ಮೌಸ್ ಮುಟ್ಬಿಡಿ" ಎಂದು ಕೈ ಹಿಡಿದು ಎಳೆಯುತ್ತಿದ್ದಳು. ಆಯುಧಪೂಜೆಯ ದಿನ ಎಲ್ಲ ಕಂಪ್ಯೂಟರಿಗೂ ಒಂದೊಂದು ಬೊಟ್ಟು ಕುಂಕುಮವಾದರೆ ಅವಳದಕ್ಕೆ ಹಾರವೇ ಬಿತ್ತು. ಅವಳಿಗೆ ಹೆಮ್ಮೆಯಾಯಿತು. ಯಾರಿಗಾಗುವುದಿಲ್ಲ?

ಆ ಹೆಮ್ಮೆ ಟೀಚರ್ ಕೆಲಸದ ಆದೇಶ ಬಂದ ದಿನ ಮುಗಿಯಿತು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿಗೆ ವಿಜ್ಞಾನದ ಟೀಚರು, ಕಾಯಂ ಕೆಲಸ, ತಿಂಗಳೊಳಗೆ ಹೋಗಿ ಹಾಜರಾಗಬೇಕು, ಹಾಜರಾಗುವಾಗ ಮೂಲ ಅಂಕಪಟ್ಟಿಗಳನ್ನು ತೋರಿಸಬೇಕು. ಅಂಕಪಟ್ಟಿಗಳಾದರೋ ರಾಯರ ಬೀರುವಿನಲ್ಲಿದ್ದವು. ಹಿಂದೆ ಇಬ್ಬರು ಹುಡುಗರು ಹೇಳದೆ ಕೇಳದೆ ಬಿಟ್ಟುಹೋದರೆಂದು, ಗುತ್ತಿಗೆಯವರೆಲ್ಲರ ಮೂಲ ಅಂಕಪಟ್ಟಿಗಳನ್ನು "ಜೋಪಾನವಾಗಿರುತ್ತೆ" ಎಂದು ಒಳಗಿಟ್ಟು ಬೀಗ ಹಾಕುವುದು ಆ ಕಚೇರಿಯ ಕ್ರಮವಾಗಿತ್ತು.

ಪೇಡ ಹಿಡಿದು ರಾಯರ ಕೋಣೆಗೆ ಹೋದಳು. ರಾಯರು ಪೇಡ ಬಾಯಿಗೆ ಹಾಕಿಕೊಂಡು, ವಿಷಯ ಕೇಳಿ, ಅಗಿಯುವುದನ್ನೇ ನಿಲ್ಲಿಸಿದರು.

"ತುಂಬಾ ಸಂತೋಷ ಕಣಮ್ಮ. ಆದ್ರೆ ನೀನ್ ಹೋಗ್ಬಿಟ್ರೆ ಈ ಲಿಂಕ್ ಯಾರು ತೆಗೀತಾರೆ? ನನ್ ಮಗಳಿದ್ದಂಗೆ ನೀನು. ಕೈಬಿಟ್ ಹೋಗ್ತೀಯಾ?"

"ಸಾರ್, ತಿಂಗಳೊಳಗೆ ಹೋಗ್ಲೇಬೇಕು ಸಾರ್."

"ಹೋಗಮ್ಮ, ಬೇಡ ಅಂದೋರ್ಯಾರು? ಎಲ್ಲಾ ಕಂಪ್ಯೂಟರ್‌ನಲ್ಲೂ ತೆರೆಯೋ ಹಂಗೆ ಮಾಡ್ಕೊಟ್ಟು, ನಿನ್ ಮಾರ್ಕ್ಸ್ ಕಾರ್ಡ್ ತಗೊಂಡು, ಸಂತೋಷವಾಗಿ ಹೋಗು."

ನ್ಯಾಯವಾದ ಮಾತೇ. ಹೊಗಳಿ ಅಟ್ಟಕ್ಕೇರಿಸಿದವರು ಏಣಿಯನ್ನು ತೆಗೆದದ್ದು ಅವಳಿಗೆ ಹೊರಗೆ ಬಂದ ಮೇಲೆ ತಿಳಿಯಿತು.

ಅಂದಿನಿಂದ ಶುರುವಾಯಿತು ಅವಳ ಪರದಾಟ. ರಾಯರ ಕಂಪ್ಯೂಟರಿನಿಂದ ನಕ್ಷೆಯ ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿದಳು. ಟಣ್. ಕಡತಗಳ ಹೆಸರಿನಲ್ಲಿ ಅಕ್ಷರ ತಪ್ಪಿದೆಯೇನೋ ಎಂದು ಒಂದೊಂದನ್ನೇ ತಾಳೆ ನೋಡಿದಳು. ಟಣ್. ವೈರಸ್ ಇರಬಹುದೆಂದು ತೊಳೆದಳು. ರಾಯರು ತಮ್ಮ ಮೇಜನ್ನು ಪೂರ್ವಕ್ಕೆ ತಿರುಗಿಸಿದರು. ಆದಿಲಕ್ಷ್ಮಿ ತನ್ನ ಮಾನಿಟರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಟಣ್ ಎನ್ನುವುದು ನಿಲ್ಲಲಿಲ್ಲ. ಗಂಗಾಲಕ್ಷ್ಮಿಗೆ ಬಸ್ಸಿನಲ್ಲಿ, ಊಟದ ನಡುವೆ, ಸ್ನಾನದ ಮನೆಯಲ್ಲಿ ಆ ಸದ್ದೇ ಕೇಳತೊಡಗಿತು. ಕ್ಯಾಲೆಂಡರಿನಲ್ಲಿ ಉಳಿದ ದಿನಗಳನ್ನು ದಿನಕ್ಕೆರಡು ಸಲ ಎಣಿಸುತ್ತಿದ್ದಳು.

ಮನೆಯಲ್ಲಿ ಹೇಳಿಕೊಂಡರೆ ತಾಯಿ ಮುನಿಗಂಗಮ್ಮ ನಕ್ಕಳು. ಮುನಿಗಂಗಮ್ಮ ಕಾಮಾಲೆಗೆ ಸೊಪ್ಪಿನ ಔಷಧ ಕೊಡುವವಳು. ಅವಳ ಕೈಗುಣ ಸುತ್ತಲ ಹಳ್ಳಿಗೆಲ್ಲ ಗೊತ್ತು. ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿದವಳಲ್ಲ, ಯಾರಾದರೂ ರೋಗಿ ಬಂದು ಬಾಗಿಲು ತಟ್ಟಿದರೆ ಎಂಬ ಭಯ.

"ಕೈಗುಣ ಅಂತಾರೆ. ಕಾಲಿಗೆ ಹಗ್ಗ ಕಣೇ ಅದು" ಎಂದಳು ತಾಯಿ. "ನಂದಂತೂ ಅಯಿಪೋಯಿಂದಿ, ಆಯ್ತು ನನ್ ಕಾಲ. ನೀನ್ ಬಿಡಿಸ್ಕೊಂಡ್ ಹೋಗು."

ಬಿಡಿಸಿಕೊಳ್ಳುವ ದಾರಿ ಕಂಡದ್ದು ಕಂಪ್ಯೂಟರು ಕೆಟ್ಟು ನಿಂತದ್ದರಿಂದ. ಒಂದು ಮಧ್ಯಾಹ್ನ ರಾಯರ ಕಂಪ್ಯೂಟರಿನಲ್ಲಿ ಕೆರೆ ಒತ್ತಿದಳು, ಟಣ್ ಎಂದು ಚೌಕ ಬಂತು, ಅಲ್ಲೇ ಎಲ್ಲವೂ ಸ್ತಬ್ಧವಾಯಿತು. ಮೌಸ್ ಅಲುಗಾಡದು, ಚೌಕ ಹೋಗದು. ಬೇರೆ ದಿನವಾಗಿದ್ದರೆ ನೊಣ ಓಡಿಸಿದಂತೆ ಓಕೆ ಒತ್ತಿ ಅದನ್ನು ಅಟ್ಟುತ್ತಿದ್ದಳು. ಅವಳೇನು, ಆ ಕಚೇರಿಯಲ್ಲಿ ಒಬ್ಬರಾದರೂ ಅದರಲ್ಲಿ ಏನು ಬರೆದಿದೆ ಎಂದು ಓದಿದವರಲ್ಲ. ಈಗ ಬೇರೆ ದಾರಿಯಿಲ್ಲದೆ ಬುತ್ತಿ ಬಿಚ್ಚಿಕೊಂಡು, ಚಿತ್ರಾನ್ನ ತಿನ್ನುತ್ತ ಓದಿದಳು. ಫೋಟೋ ಸಿಗಲಿಲ್ಲ ಎಂದು ಹೇಳಿ, ಎಲ್ಲಿ ಹುಡುಕಿತೆಂಬ ವಿಳಾಸವನ್ನೂ ಅದು ಪೂರ್ತಿ ಕೊಟ್ಟಿತ್ತು. ಆ ಉದ್ದದ ವಿಳಾಸದ ನಟ್ಟನಡುವೆ ಅವಳದೇ ಹೆಸರಿತ್ತು. ಗಂಗಾ.

ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಕೆಲಸದ ಆರಂಭದಲ್ಲಿ ರಾಯರು, "ಎಲ್ಲಾ ಕಣ್ಣೆದುರಿಗೇ ಇರ್ಬೇಕಮ್ಮ" ಎಂದಿದ್ದರು. ಅವಳು ಫೋಟೋಗಳನ್ನೆಲ್ಲ ಪರದೆ ತೆರೆದೊಡನೆ ಕಾಣುವ ಡೆಸ್ಕ್‌ಟಾಪಿನ ಮೇಲೆ ಒಂದು ಫೋಲ್ಡರಿನಲ್ಲಿಟ್ಟು, ಅಲ್ಲಿಂದಲೇ ಲಿಂಕು ಕೊಟ್ಟಿದ್ದಳು. ಡೆಸ್ಕ್‌ಟಾಪು ಎಂಬುದು ಕಂಪ್ಯೂಟರಿನ ಲೆಕ್ಕದಲ್ಲಿ ಗಂಗಾ ಎಂಬ ಹೆಸರಿನಿಂದ ಒಳಗೆ ಬಂದವಳ ಖಾಸಗಿ ಕೋಣೆ. ರಾಯರ ಕಂಪ್ಯೂಟರು ಪ್ರತಿಸಲವೂ ಪ್ರಾಮಾಣಿಕವಾಗಿ ಗಂಗಾಳ ಕೋಣೆಯನ್ನು ಹುಡುಕುತ್ತಿತ್ತು. ಅಲ್ಲಿ ಗಂಗಾ ಎಲ್ಲಿದ್ದಳು? ಎಲ್ಲ ಕೆರೆಗಳ ದಾರಿಗೂ ತಾನೇ ಅಡ್ಡ ನಿಂತಿದ್ದೇನೆ ಎಂದು ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ರೋಗ ತಿಳಿದ ಮೇಲೆ ಮದ್ದು ಸುಲಭ. ಫೋಟೋಗಳ ಫೋಲ್ಡರನ್ನು ನಕ್ಷೆಯ ಮಗ್ಗುಲಲ್ಲೇ ಇಟ್ಟಳು. ಪ್ರತಿ ಕೆರೆಯ ಲಿಂಕಿನಲ್ಲೂ ಉದ್ದದ ವಿಳಾಸ ಅಳಿಸಿ, ನಕ್ಷೆ ಎಲ್ಲಿರುತ್ತದೋ ಅದರ ಪಕ್ಕದಲ್ಲೇ ನೋಡು ಎಂಬಂತೆ ಆ ಫೋಲ್ಡರಿನ ಹೆಸರು, ಫೋಟೋದ ಹೆಸರು ಇಷ್ಟನ್ನೇ ಉಳಿಸಿದಳು. ನಕ್ಷೆ, ಫೋಟೋ ಎರಡನ್ನೂ ಒಂದೇ ಸಿಡಿಗೆ ಹಾಕಿ ರಾಯರ ಕಂಪ್ಯೂಟರಿಗೆ ಕೊಟ್ಟಳು. ಹೋಳೂರು ತೆರೆಯಿತು. ವಕ್ಕಲೇರಿ ತೆರೆಯಿತು. ಅವಳು ಎದ್ದು ನಿಂತು ಕಾರಣವನ್ನು ಮೊದಲಿಂದ ಕೊನೆಯವರೆಗೆ ವಿವರಿಸಿದಳು.

ರಾಯರು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು. ಆಮೇಲೆ, "ನೋಡ್ದ್ಯಾ? ನೀನ್ ಮುಟ್ಟಿದ್ದಕ್ಕೆ ತೆರೀತು" ಎಂದರು.

"ಅಲ್ಲ ಸಾರ್, ಯಾರು ಮುಟ್ಟಿದ್ರೂ ತೆರೆಯುತ್ತೆ. ನೀವೇ ಒತ್ತಿ ಸಾರ್."

ಒತ್ತಿದರು, ತೆರೆಯಿತು. "ನೀನ್ ಪಕ್ಕದಲ್ಲಿದ್ಯಲ್ಲಮ್ಮ!" ಎಂದರು. "ಇನ್ನು ಮೂರು ತಾಲ್ಲೂಕಿನ ಆಫೀಸಿಗೂ ನಿನ್ ಕೈಯಿಂದಾನೇ ಹಾಕ್ಸಿಬಿಡೋಣ. ಆಮೇಲೆ ದೊಡ್ಡ ಸಾಹೇಬ್ರು ಬರೋದಿದೆ. ಅದೊಂದ್ ಮುಗಿಸ್ಕೊಡು ತಾಯಿ."

ದೊಡ್ಡ ಸಾಹೇಬರು ಬರುವುದು ಮುಂದಿನ ತಿಂಗಳು. ಅವಳ ಗಡುವು ಈ ತಿಂಗಳಿಗೇ ಮುಗಿಯುತ್ತಿತ್ತು. ಕೈ ಮುಗಿದಳು, ಅತ್ತಳು. ರಾಯರು ನೀರು ತರಿಸಿ ಕುಡಿಸಿದರು, ತಲೆ ಸವರಿದರು, ಶಾಲೆಗೆ ತಾವೇ ಫೋನ್ ಮಾಡಿ ಗಡುವು ಮುಂದೂಡಿಸುವುದಾಗಿ ಹೇಳಿದರು, ಬೀರುವಿನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಕಾಯಂ ಕೆಲಸದ ಗಡುವನ್ನು ಇವರ ಫೋನಿಗೆ ಹೆದರಿ ಯಾರು ಮುಂದೂಡುತ್ತಾರೆ? ಮಾಡಿದ ಕೆಲಸ ಕೆಟ್ಟರೂ ತಾನು ಇಲ್ಲೇ ಇರಬೇಕು, ನೆಟ್ಟಗಾದರೂ ಇಲ್ಲೇ ಇರಬೇಕು ಎಂಬುದು ಅಂದು ಅವಳಿಗೆ ಖಚಿತವಾಯಿತು. ಅವಳಿಗೆ ಆ ಒಳ್ಳೆಯ ಮನುಷ್ಯನ ಮೇಲೆ ಕೊಲ್ಲುವಷ್ಟು ಸಿಟ್ಟು ಬಂತು.

ಆ ವಾರ ಮುಳಬಾಗಿಲಿನಲ್ಲಿ ಕೆರೆ ಸಂಘಗಳ ಸಭೆಯಿತ್ತು. ಗಂಗಾಲಕ್ಷ್ಮಿ ಹಠ ಹಿಡಿದು, ಸರಿಪಡಿಸಿದ ನಕ್ಷೆಯನ್ನು ಹಾಕಿದ್ದ ಆದಿಲಕ್ಷ್ಮಿಯ ಸಿಪಿಯುವನ್ನೂ, ಜೊತೆಗೆ ಆದಿಲಕ್ಷ್ಮಿಯನ್ನೂ ಜೀಪಿಗೆ ಹತ್ತಿಸಿದಳು. "ಯಾತಕ್ಕೂ ಇರ್ಲಿ ಅಂತ ಸಾರ್, ಒಂದಕ್ಕೆರಡು" ಎಂದಳು. ದೊಡ್ಡಮುನಿಯಪ್ಪ, "ಅವಳಿ ಜವಳಿ!" ಎಂದು ನಕ್ಕರೂ ಅವಳು ತಲೆಯೆತ್ತಲಿಲ್ಲ. ಹೊರಡುವ ಮೊದಲು ತನ್ನ ಯಂತ್ರದಲ್ಲಿ ಅವಳು ಒಂದು ಸಣ್ಣ ಕೆಲಸ ಮಾಡಿ ಬಂದಿದ್ದಳು. ಫೋಟೋಗಳಿದ್ದ ಫೋಲ್ಡರಿನ ಹೆಸರನ್ನು ಬದಲಿಸಿದ್ದಳು. ಅಷ್ಟೇ.

ಸಭೆಯ ಹಾಲ್ ತುಂಬಿತ್ತು. ರಾಯರು ಮೈಕು ಹಿಡಿದು, "ನಮ್ ಗಂಗಾಲಕ್ಷ್ಮಿ ಈಗ ನಿಮ್ ಕೆರೆ ನಿಮ್ಮೆದುರಿಗೇ ತರ್ತಾಳೆ" ಎಂದರು. ಮುಂದೆ ಕೂತಿದ್ದ ಆವನಿಯ ರೈತರು ಕತ್ತು ಚಾಚಿದರು. ಗಂಗಾಲಕ್ಷ್ಮಿ ಮಿಂಚಿನ ಗುರುತು ಒತ್ತಿ, ಆವನಿ ಕೆರೆಯ ಮೇಲೆ ಕ್ಲಿಕ್ ಮಾಡಿದಳು.

ಟಣ್.

ರಾಯರ ನಗು ಹಾಗೇ ನಿಂತಿತು. "ಇನ್ನೊಂದ್ಸಲ" ಎಂದರು ಮೆಲ್ಲಗೆ. ಇನ್ನೊಂದು ಸಲ ಒತ್ತಿದಳು. ಮತ್ತೆ ಅದೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು. ಬೇಕೆಂದೇ ಮಾಡಿದ್ದೆಂದು ತನಗೆ ಗೊತ್ತಿದ್ದರೂ ನಾಚಿಕೆ ನಿಜವಾಗಿಯೇ ಆಯಿತು.

"ಆದಿಲಕ್ಷ್ಮಿ, ನಿನ್ನದು ಹಾಕೇ" ಎಂದಳು.

ಆದಿಲಕ್ಷ್ಮಿ ಬೆದರಿ, "ಅಕ್ಕ, ನೀವೊಂದ್ಸಲ ಮುಟ್ಟಿ" ಎಂದಳು.

"ಬೇಡ ಕಣೇ. ನನ್ ಕೈ ಇವತ್ತು ಸರಿಯಿಲ್ಲ" ಎಂದು ಗಂಗಾಲಕ್ಷ್ಮಿ ಮೈಕಿಗೂ ಕೇಳಿಸುವಂತೆ ಹೇಳಿ, ವೇದಿಕೆಯಿಂದಿಳಿದು ಬಾಗಿಲ ಹೊರಗೆ ಹೋಗಿ ನಿಂತಳು. ಒಳಗೆ ವೈರು ಬದಲಿಸುವ ಸದ್ದು ಕೇಳಿತು. ಆಮೇಲೆ ಆವನಿಯವರು "ಅರೆರೆ, ನಮ್ ಕೆರೆ ಕಣ್ರೋ!" ಎಂದು ಕೂಗಿದರು, ಚಪ್ಪಾಳೆ ಬಿತ್ತು. ಮುದುಕರೊಬ್ಬರು ಹೊರಗೆ ಉಗುಳಲು ಬಂದವರು ಅವಳನ್ನು ಕಂಡು, "ದೃಷ್ಟಿ ಆಗೈತಮ್ಮ ನಿನ್ ಕೈಗೆ. ಉಪ್ಪು ನಿವಾಳಿಸ್ಕೊ" ಎಂದರು.

ಮರಳುವಾಗ ಆದಿಲಕ್ಷ್ಮಿಯ ತೊಡೆಯ ಮೇಲೆ ಆದಿಲಕ್ಷ್ಮಿಯ ಸಿಪಿಯು ಇತ್ತು. ಗಂಗಾಲಕ್ಷ್ಮಿಯದು ಕಾಲ ಬಳಿ ಉರುಳಾಡುತ್ತಿತ್ತು. ರಾಯರು ದಾರಿಯುದ್ದಕ್ಕೂ ಆದಿಲಕ್ಷ್ಮಿಯೊಡನೆ ಮಾಲೂರಿನ ಸಭೆಯ ಬಗ್ಗೆಯೇ ಮಾತಾಡಿದರು. ಗಂಗಾಲಕ್ಷ್ಮಿ ತಾನು ಮಾಡಿದ್ದನ್ನು ಯಾರಾದರೂ ಕಂಡುಹಿಡಿದಾರು ಎಂದು ಕೋಲಾರ ಬರುವವರೆಗೂ ಹೆದರಿಕೊಂಡೇ ಕೂತಿದ್ದಳು. ಯಾರೂ ಏನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಾಯಿ ತೆರೆಯುವ ಮೊದಲೇ ರಾಯರು ಬೀರು ತೆರೆದು ಅಂಕಪಟ್ಟಿಗಳ ಕವರನ್ನು ಮೇಜಿನ ಮೇಲಿಟ್ಟರು. "ಗಡುವು ಹತ್ರ ಬಂತಲ್ಲಮ್ಮ. ಹೋಗ್ಬಿಟ್ ಬಾ, ಒಳ್ಳೇದಾಗ್ಲಿ" ಎಂದು ಹೇಳಿ, ಫೋನ್ ಎತ್ತಿಕೊಂಡರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ಸಿಟ್ಟಾದರೂ ಇದ್ದಿದ್ದರೆ ಎಂದು ಅವಳಿಗೆ ಅನಿಸಿತು.

ಕವರು ಎದೆಗವಚಿಕೊಂಡು ಅವಳು ತನ್ನ ಮೇಜಿಗೆ ಬಂದಳು. ಬುತ್ತಿಯ ಡಬ್ಬಿ, ಬಾಚಣಿಗೆ ಚೀಲಕ್ಕೆ ಹಾಕಿದಳು. ಆದಿಲಕ್ಷ್ಮಿಯ ಸುತ್ತ ನಾಲ್ಕು ಜನ ನಿಂತು ಕೆರೆಗಳನ್ನು ತೆರೆಸಿ ನೋಡುತ್ತಿದ್ದರು. "ಬರ್ತೀನಿ" ಎಂದಳು. "ಹ್ಞೂಂ ಅಕ್ಕ, ಹುಷಾರು" ಎಂದು ಆದಿಲಕ್ಷ್ಮಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. ಗಂಗಾಲಕ್ಷ್ಮಿ ಮೆಟ್ಟಿಲುಗಳನ್ನು ಬೇಕಾದ್ದಕ್ಕಿಂತ ನಿಧಾನವಾಗಿ ಇಳಿದಳು. ಇನ್ನೊಂದು ವಾರ ಇರು ಎಂದು ಯಾರಾದರೂ ಕರೆದರೆ, ಕವರು ಕಿತ್ತುಕೊಂಡರೆ ಎಂಬ ಭಯ ಇನ್ನೂ ಇತ್ತು. ಯಾರಾದರೂ ಕರೆಯಲಿ ಎಂಬ ಆಸೆಯೂ ಇತ್ತು. ಗೇಟಿನವರೆಗೆ ಬಂದಳು, ಯಾರೂ ಕರೆಯಲಿಲ್ಲ.

ಶ್ರೀನಿವಾಸಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಊರು ದಾಟಿದ ಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡರೂ ಭುಜ ಕುಲುಕುತ್ತಿತ್ತು. ಪಕ್ಕದಲ್ಲಿ ಟೊಮೆಟೊ ಬುಟ್ಟಿಯಿಟ್ಟುಕೊಂಡು ಕೂತಿದ್ದ ಹೆಂಗಸು ಬುಟ್ಟಿಯನ್ನು ಆಚೆ ಸರಿಸಿ, ಅವಳ ಬೆನ್ನ ಮೇಲೆ ಕೈಯಿಟ್ಟು, "ಯಾರು ಹೋಗ್ಬಿಟ್ರಮ್ಮ?" ಎಂದು ಕೇಳಿದಳು.

"ಯಾರೂ ಇಲ್ಲಮ್ಮ" ಎಂದಳು ಗಂಗಾಲಕ್ಷ್ಮಿ. "ನಂಗೆ ಕೆಲಸ ಸಿಕ್ತು."