ನಾಲ್ಕನೇ ನಂಬರಿನ ಬೈಠಕ್

ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ‘ಕೂರುವುದು’ ಎಂದರೆ ಕುಡಿಯುವುದು. “ಸಂಜೆ ಬಸಾಯ್ಚೆ ಕಾ?” ಎಂದು ಒಬ್ಬ ಗಂಡಸು ಇನ್ನೊಬ್ಬನನ್ನು ಮರಾಠಿಯಲ್ಲಿ ಕೇಳಿದರೆ ಯಾರೂ ಕುರ್ಚಿ ಹುಡುಕುವುದಿಲ್ಲ. ನಮ್ಮ ಉಡುಪಿ ಕಡೆಯ ಹೋಟೆಲಿನವರೂ ಅದನ್ನೇ ಕನ್ನಡಕ್ಕೆ ತಂದುಕೊಂಡು “ಇವತ್ತು ಕೂರುವನಾ ಮಾರಾಯ?” ಎನ್ನುತ್ತಿದ್ದರು. ಬೈಠಕ್ ಎಂದರೂ ಅದೇ, ನಾಲ್ಕು ಜನ ಸೇರಿ ಕೂರುವುದು. ಹಾಗಾಗಿ ಒಗೆಯಲು ತೆಗೆದ ಗಂಡನ ಅಂಗಿಯ ಜೇಬಿನಲ್ಲಿ ‘ಬೈಠಕ್, ಗುರುವಾರ, ಸಂಜೆ ಏಳು’ ಎಂದು ಬರೆದ ಚೀಟಿ ಸಿಕ್ಕಿದಾಗ ನನಗೆ ಅನುಮಾನ ಬರಲಿಲ್ಲ, ಖಾತ್ರಿಯೇ ಆಯಿತು. ಕೆಳಗೆ ಠಾಣೆ ಊರಿನ ಮಾಜಿವಾಡಾದ ಒಂದು ಶಾಲೆಯ ಹೆಸರು, ಖೋಲಿ ನಂಬರ್ ನಾಲ್ಕು, ಅಂದರೆ ನಾಲ್ಕನೇ ಕೋಣೆ, ಎಂದಿತ್ತು.

ಇವರು ಉಲ್ಹಾಸನಗರದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದರು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಮಗಳ ತಲೆಯ ಮೇಲೆ ಕೈಯಿಟ್ಟು ಕುಡಿತ ಬಿಟ್ಟೆ ಎಂದು ಮೂರನೇ ಸಲ ಆಣೆ ಮಾಡಿ ಎರಡು ತಿಂಗಳಾಗಿತ್ತು. ಅಂದಿನಿಂದ ಗುರುವಾರ ಮಾತ್ರ ತಡ. “ಓನರ್ದು ಮೀಟಿಂಗ್ ಉಂಟು” ಎನ್ನುತ್ತಿದ್ದರು. ದಿನವೂ ಬಾಗಿಲು ತೆಗೆದ ಕೂಡಲೇ ಚೀಲ ಇಸಿದುಕೊಳ್ಳುವ ನೆಪದಲ್ಲಿ ನಾನು ಹತ್ತಿರ ಹೋಗಿ ಮೂಸುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ. ವಾಸನೆ ಬಾರದ ಹಾಗೆ ಕುಡಿಯುವುದನ್ನು ಕಲಿತಿದ್ದಾರೆ ಎಂದುಕೊಂಡೆ.

ಕಾಮೋಠೆಯಲ್ಲಿದ್ದ ನನ್ನ ಅಣ್ಣನಿಗೆ ಫೋನ್ ಮಾಡಿದೆ. “ನಾಯಿ ಬಾಲ ಯಾವತ್ತಿದ್ರೂ ಡೊಂಕೇ. ಇನ್ನೊಂದ್ಸಲ ಕುಡ್ದದ್ದು ಗೊತ್ತಾದ್ರೆ ಸಾಕು, ಮಗುವನ್ನು ಕರ್ಕೊಂಡು ಬಾ. ಒಂದು ರೂಮ್ ಖಾಲಿ ಉಂಟು” ಎಂದ. ಹೋಗುವುದೆಂದು ನಾನೂ ನಿಶ್ಚಯಿಸಿದೆ. ಆದರೆ ಕಣ್ಣಾರೆ ನೋಡಿಯೇ ಹೋಗಬೇಕು. ಇಲ್ಲದಿದ್ದರೆ ನಾಳೆ ನನ್ನನ್ನೇ ಸಂಶಯದ ಪಿಶಾಚಿ ಎನ್ನುತ್ತಾರೆ.

ಗುರುವಾರ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಲೋಕಲ್ ರೈಲು ಹತ್ತಿ ಠಾಣೆಗೆ ಹೋದೆ. ಗುರುವಾರ ಮೀನು ಮುಟ್ಟದ ಮನುಷ್ಯ ಅದೇ ದಿನ ಬಾಟ್ಲಿ ಮುಟ್ಟುವುದೆಂದರೆ! ಮಾಜಿವಾಡಾದಲ್ಲಿ ರಿಕ್ಷಾ ಇಳಿದೆ. ಶಾಲೆಯ ಗೇಟಿನ ಪಕ್ಕದ ಟೈಲರ್ ಹತ್ತಿರ ಬೈಠಕ್ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ದಾರೂವಾಲೋಂಕಾ? ಊಪರ್, ಚಾರ್ ನಂಬರ್.”

ಕುಡುಕರ ಬೈಠಕ್ ಮೇಲೆ ನಡೆಯುತ್ತದೆಂದು ದರ್ಜಿಗೂ ಗೊತ್ತು, ಹೆಂಡತಿಗೆ ಮಾತ್ರ ಗೊತ್ತಿಲ್ಲ. ಮಕ್ಕಳು ಓದುವ ಶಾಲೆಯಲ್ಲೇ ಕುಡಿಯುತ್ತಾರಲ್ಲ, ಇವರಿಗೆ ಮಾನ ಮರ್ಯಾದೆ ಇಲ್ಲವೇ ಎಂದು ಮೈಯೆಲ್ಲ ಉರಿಯಿತು. ಬೈಗುಳವನ್ನು ತುಳುವಿನಲ್ಲಿ ಜೋಡಿಸಿಕೊಳ್ಳುತ್ತಾ ಮೆಟ್ಟಿಲು ಹತ್ತಿದೆ.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹತ್ತು ಹನ್ನೆರಡು ಗಂಡಸರು ಪುಟ್ಟ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಇಕ್ಕಟ್ಟಾಗಿ ಕೂತಿದ್ದರು. ಮುಂದೆ ಚಹಾದ ಕೆಟಲ್ ಇತ್ತು. ಗ್ಲಾಸಿನಲ್ಲಿ ಇನ್ನೇನಾದರೂ ಇದೆಯೇ ಎಂದು ಇಣುಕಿದೆ. ಚಹಾವೇ. ಒಬ್ಬ ಮುದುಕ ತಾನು ಕುಡಿತ ಬಿಟ್ಟು ಎಷ್ಟು ದಿನವಾಯಿತೆಂದು ಹೇಳಿ ಕೂತ. ಕುಡಿತ ಬಿಡಲು ಹೆಣಗುವವರು ಸೇರುವ ಸಭೆ ಇದು ಎಂದು ನನ್ನ ತಲೆಗೆ ಹೋಗಲು ಅಷ್ಟು ಹೊತ್ತು ಬೇಕಾಯಿತು. ಆಗಲೂ ನೆಮ್ಮದಿಯಾಗಲಿಲ್ಲ. ಒಳ್ಳೆಯ ಜಾಗಕ್ಕೆ ಬರುವವರು ಹೆಂಡತಿಯಿಂದ ಏಕೆ ಮುಚ್ಚಿಡಬೇಕು?

ಮುದುಕನ ನಂತರ ಇವರು ಎದ್ದು ನಿಂತರು. ಹೆಸರು ಹೇಳಲಿಲ್ಲ, ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೋಟೆಲಿನ ಹಿಂದಿಯಲ್ಲಿ, ನೆಲ ನೋಡುತ್ತಾ ಹೇಳಿದರು: “ಹೋದ ಶನಿವಾರ ನಾನು ಕುಡಿದೆ. ಕಲ್ಯಾಣದಲ್ಲಿ ಮದುವೆ ಇದೆ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದೆ.”

ಹೋದ ಶನಿವಾರ ಇವರು ಬೀಡ ಜಗಿಯುತ್ತಾ, ಮದುವೆಯ ಹೋಳಿಗೆಯನ್ನು ಹೊಗಳುತ್ತಾ ಮನೆಗೆ ಬಂದಿದ್ದರು. ಆ ಎರಡು ತಿಂಗಳಲ್ಲಿ ನಾನು ಮೂಸದೆ ಬಿಟ್ಟದ್ದು ಅದೊಂದೇ ದಿನ. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನನಗೆ ಹೇಳಬೇಕಾದ ಸತ್ಯವನ್ನು ಇವರು ಗುರುತು ಪರಿಚಯವಿಲ್ಲದ ಹನ್ನೆರಡು ಜನರಿಗೆ ಹೇಳಿದ್ದರು. ಅವರಲ್ಲಿ ಒಬ್ಬನೂ ಬೈಯಲಿಲ್ಲ. ಪಕ್ಕದವನು ಗ್ಲಾಸಿಗೆ ಇನ್ನಷ್ಟು ಚಹಾ ಹಾಕಿದ.

ಸಭೆ ಮುಗಿದು ಇವರು ಹೊರಗೆ ಬಂದ ಮೇಲೆ ರಿಕ್ಷಾದ ಸಾಲಿನಲ್ಲಿ ನಾವಿಬ್ಬರೂ ಪಕ್ಕಪಕ್ಕ ನಿಂತೆವು. ನಾನೇ ಬಾಯಿಬಿಟ್ಟೆ.

“ನಿಮ್ಮನ್ನು ಹಿಡೀಲಿಕ್ಕೆ ಬಂದದ್ದು ನಾನು. ಹಿಡಿದು ಕಾಮೋಠೆಗೆ ಹೋಗುವ ಅಂತ.”

“ಗೊತ್ತಾಯ್ತು. ಬಾಗಿಲಲ್ಲಿ ನಿನ್ನನ್ನು ನೋಡಿದೆ. ನೋಡಿದ ಮೇಲೇ ಶನಿವಾರದ್ದು ಹೇಳಿದ್ದು. ಮನೇಲಿ ಹೇಳ್ಲಿಕ್ಕೆ ನಂಗೆ ಧೈರ್ಯ ಬರುದಿಲ್ಲ.”

ರಿಕ್ಷಾ ಬಂತು, ಹತ್ತಿದೆವು. ಸಭೆಯಲ್ಲಿ ಮಾತಾಡುವಾಗ ಇವರು ನೆಲವನ್ನೇ ನೋಡುತ್ತಿದ್ದರಲ್ಲ, ನನ್ನನ್ನು ಯಾವಾಗ ಕಂಡರು? ಕಂಡಿದ್ದರೆ ಅದು ದೊಡ್ಡ ಮಾತು. ಕಾಣದೆ ಈಗ ಹೀಗೆ ಹೇಳುತ್ತಿದ್ದರೆ ಇದೂ ಇನ್ನೊಂದು ಸುಳ್ಳು. ಠಾಣೆ ಸ್ಟೇಷನ್ ಬರುವವರೆಗೂ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದೆ, ಬಗೆಹರಿಯಲಿಲ್ಲ. ಇಂದಿಗೂ ಬಗೆಹರಿದಿಲ್ಲ.

ಪ್ಲಾಟ್‌ಫಾರ್ಮಿನಿಂದಲೇ ಅಣ್ಣನಿಗೆ ಫೋನ್ ಮಾಡಿದೆ. ಈ ವಾರ ಬರುವುದಿಲ್ಲ ಎಂದೆ. ಇವರು ಕೇಳಲಿ ಎಂದೇ ‘ಈ ವಾರ’ ಎಂಬುದನ್ನು ಎರಡು ಸಲ ಹೇಳಿದೆ.