ರೈಟರ್ ದನಿಯಲ್ಲಿ ಒಂದು ಜಾಹೀರಾತು

ನಾನು ಮನೆಗೆ ಫೋನು ಮಾಡಿದರೆ ಅವರು ಮೊದಲು ಕೇಳುವುದು, "ಈಗ ಯಾರ ದನಿಯಲ್ಲಿ ಮಾತಾಡ್ತಿದ್ದೀಯ?" ಎಂದು. ಸೋಮವಾರಪೇಟೆ ಕಡೆಯ ನಮ್ಮ ಬಳಗದಲ್ಲಿ ನನ್ನ ಬಾಯಿಂದ ತಪ್ಪಿಸಿಕೊಂಡವರಿಲ್ಲ. ಅತ್ತೆ ಕೆಮ್ಮುವುದು, ದನದ ಡಾಕ್ಟರು ಆಕಳಿಸುವುದು, ಪಿಯುಸಿಯಲ್ಲಿ ಎರಡು ಸಲ ಫೇಲಾದ ನಾನು ಅದನ್ನು ಅಪ್ಪನಿಗೆ ತಿಳಿಸುವುದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ಇಂಥವನನ್ನು ನಂಬಿ ದೊಡ್ಡಪ್ಪ ಒಂದು ವರ್ಷದ ಬೆಳೆ ಒಪ್ಪಿಸಿದರು ಎಂದರೆ ಅವರ ಕಷ್ಟ ಎಷ್ಟಿತ್ತೆಂದು ಊಹಿಸಿಕೊಳ್ಳಬಹುದು.

ತೋಟದಲ್ಲಿ ಅರೇಬಿಕಾ ಕಾಫಿ ಹಣ್ಣಾಗಿ ನಿಂತಿತ್ತು. ಕೊಯ್ಯುವವರಿರಲಿಲ್ಲ. ಪ್ರತಿವರ್ಷ ಕುಶಾಲನಗರದ ಆಚೆಯಿಂದ ಜೀಪಿನಲ್ಲಿ ಪಿಕ್ಕಿಂಗಿಗೆ ಬರುತ್ತಿದ್ದ ಹೆಂಗಸರನ್ನು ಆ ಸಲ ದೊಡ್ಡ ಎಸ್ಟೇಟೊಂದು ಬಸ್ಸು ಕಳಿಸಿ ಕರೆಸಿಕೊಂಡಿತ್ತು. ಇನ್ನೊಂದು ವಾರ ಬಿಟ್ಟರೆ ಹಣ್ಣು ಗಿಡದ ಬುಡಕ್ಕೆ ಉದುರುತ್ತಿತ್ತು.

"ಆ ಫೋನಲ್ಲಿ ಅದೇನೋ ಮಾಡ್ತಿರ್ತೀಯಲ್ಲ, ಅದ್ರಲ್ಲಿ ಆಳು ಸಿಕ್ತಾರಾ ನೋಡು," ಎಂದರು ದೊಡ್ಡಪ್ಪ.

ಎರಡು ದಿನ ಮಲಗಿಕೊಂಡೇ ಜಾಹೀರಾತು ಕಲಿಸುವ ವಿಡಿಯೋಗಳನ್ನು ನೋಡಿ ನಾನು ಪಂಡಿತನಾದೆ. ಮೊದಲ ಮೂರು ಸೆಕೆಂಡಿನಲ್ಲೇ ನೋಡುವವರ ಮನಸ್ಸು ಹಿಡಿಯಬೇಕಂತೆ. ಹಿಡಿದೆ. ಬೆಳಗಿನ ಮಂಜು, ಕೆಂಪು ಹಣ್ಣಿನ ಮೇಲೆ ಇಬ್ಬನಿ, ಹಿನ್ನೆಲೆಯಲ್ಲಿ ಕೊಳಲು, ಕೊನೆಗೆ "ಬನ್ನಿ, ನಮ್ಮ ತೋಟಕ್ಕೆ." ಸಾಲದೆಂದು ದುಡ್ಡು ಕಟ್ಟಿ ಬೂಸ್ಟ್ ಮಾಡಿದೆ. ಫೋನುಗಳು ಬಂದವು. ರೂಮಿಗೆ ಎಷ್ಟು, ಕ್ಯಾಂಪ್‌ಫೈರ್ ಇದೆಯಾ, ನಾಯಿ ತರಬಹುದಾ.

"ಎಷ್ಟು ಜನ ಆದ್ರು?" ದೊಡ್ಡಪ್ಪ ಕೇಳಿದರು.

"ಲೈಕು ಎರಡು ಸಾವಿರ ದಾಟಿದೆ ದೊಡ್ಡಪ್ಪ."

"ಹಾಗಾದ್ರೆ ಆ ಲೈಕುಗಳ ಸೊಂಟಕ್ಕೆ ಚೀಲ ಕಟ್ಟಿ ಬೆಳಿಗ್ಗೆ ಎಂಟಕ್ಕೆ ತೋಟಕ್ಕಿಳಿಸು."

ನನ್ನ ಪಾಂಡಿತ್ಯವನ್ನು ತಿದ್ದಿದವನು ಹೆಂಗಸರನ್ನು ಕರೆತರುತ್ತಿದ್ದ ಜೀಪಿನ ಡ್ರೈವರಣ್ಣ. "ಮಂಜು ಯಾರಿಗೆ ತೋರಿಸ್ತೀಯ ಮಾರಾಯ? ಅವರು ದಿನಾ ಅದ್ರಲ್ಲೇ ನಡುಗ್ತಾ ಬರೋದು. ಅವರು ನೋಡೋದು ನನ್ನ ಸ್ಟೇಟಸ್ಸು, ಅದೂ ಬಸ್ಸಲ್ಲಿ ಕೂತಾಗ. ತೂಕ ಯಾರು ಹಾಕ್ತಾರೆ, ಟೀ ಎಷ್ಟು ಹೊತ್ತಿಗೆ, ಸಂಜೆ ಎಲ್ಲೀವರೆಗೆ ಬಿಡ್ತಾರೆ. ಇಷ್ಟು ಹೇಳು, ಸಾಕು."

ತೂಕ ಎಂದರೆ ನಮ್ಮ ರೈಟರ್. ತೋಟದ ಪುಸ್ತಕ ಬರೆಯುವ, ಆಳು ನೋಡಿಕೊಳ್ಳುವ ಅವರು ಮೂವತ್ತು ವರ್ಷದಲ್ಲಿ ಯಾರಿಗೂ ಏನನ್ನೂ ಕೊಡುತ್ತೇನೆಂದವರಲ್ಲ. ರಜೆ ಕೇಳಿದರೂ ಕಂಬಳಿ ಕೇಳಿದರೂ ಮೂಗಿನಿಂದ ಒಂದೇ ಉತ್ತರ, "ನೋಡುವಾ." ನನ್ನ ಸಂಗ್ರಹದಲ್ಲಿ ಅದಕ್ಕಿಂತ ಒಳ್ಳೆಯ ದನಿ ಇರಲಿಲ್ಲ. ತೂಕದ ಮಿಷಿನ್ನಿನ ಫೋಟೋ ಹಾಕಿ, ಆ ಮೂಗಿನಿಂದಲೇ ಶುರು ಮಾಡಿದೆ: "ನಾನು ರೈಟರ್ ಮಾತಾಡೋದು. ಮಿಷಿನ್ನಿನ ಮುಖ ಇನ್ಮೇಲೆ ನಿಮ್ಮ ಕಡೆಗೇ ಇರುತ್ತೆ, ತೂಕ ನೀವೇ ಓದ್ಕೊಳ್ಳಿ. ಹತ್ತು ಗಂಟೆಗೆ ಟೀ, ಜೊತೆಗೆ ಬನ್ನು. ಸಂಜೆ ಜೀಪು ನಿಮ್ಮ ಮನೆ ತಿರುವಿನವರೆಗೆ." ಹೇಳುತ್ತ ಹೇಳುತ್ತ ಹುರುಪು ಬಂದು ಕೊನೆಯಲ್ಲಿ ಇನ್ನೊಂದು ಮಾತನ್ನೂ ಸೇರಿಸಿದೆ. ಅದರ ವಿಷಯ ಆಮೇಲೆ.

ಡ್ರೈವರಣ್ಣ ಅದನ್ನು ದಿನವೂ ಸ್ಟೇಟಸ್ಸಿಗೆ ಹಾಕಿದ. ಕೇಳಿದವರು ಹೊಟ್ಟೆ ಹಿಡಿದು ನಗುತ್ತಾರೆ, ನಕ್ಕವರಲ್ಲಿ ನಾಲ್ಕು ಜನವಾದರೂ ಬರುತ್ತಾರೆ ಎಂಬುದು ನನ್ನ ಎಣಿಕೆ. ಯಾರೂ ನಗಲಿಲ್ಲ. ಎಲ್ಲರೂ ನಂಬಿದರು.

ಮೂರನೆಯ ದಿನ ಬೆಳಿಗ್ಗೆ ಎರಡು ಜೀಪು ತುಂಬ ಹೆಂಗಸರು ಬಂದಿಳಿದರು. ದೊಡ್ಡಪ್ಪ ನನ್ನ ಬೆನ್ನು ತಟ್ಟಿದರು. ರೈಟರ್ ಕೂಡ ನನ್ನನ್ನು ಮನುಷ್ಯನೆಂಬಂತೆ ನೋಡಿದರು. ಹತ್ತು ಗಂಟೆಗೆ ಸರಿಯಾಗಿ ಅಷ್ಟೂ ಜನ ಕೆಲಸ ನಿಲ್ಲಿಸಿ ಸಿಲ್ವರ್ ಓಕ್ ಮರದಡಿ ಕೂತರು.

"ಏನ್ ರೈಟ್ರೇ, ಟೀ ಎಲ್ಲಿ, ಬನ್ನೆಲ್ಲಿ?" ಎಂದಳು ಎಲ್ಲರಿಗಿಂತ ಹಿರಿಯ ಅಕ್ಕ.

"ಯಾವ ಬನ್ನು?"

"ಚೆನ್ನಾಗದೆ. ನೀವೇ ಯೋಳಿ ನೀವೇ ಮರ್ತ್‌ಬುಟ್ರಾ?" ಅವಳು ಫೋನು ತೆಗೆದು ಸ್ಟೇಟಸ್ ಒತ್ತಿದಳು.

ರೈಟರ್ ತಮ್ಮ ದನಿ ತಾವೇ ಕೇಳುತ್ತ ನಿಂತರು. ಅವರ ಕಣ್ಣು ನಿಧಾನವಾಗಿ ತಿರುಗಿ ನನ್ನ ಮೇಲೆ ಬಂದು ನಿಂತಿತು. ನಾನು ಕಾಫಿ ಗಿಡದ ಒಂದು ಎಲೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

"ನಿಮ್ದೇ ದನಿ ತಾನೆ?"

ಅಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೆಂಗಸರು ಚೀಲ ಬಿಚ್ಚಿಟ್ಟು ಜೀಪು ಹತ್ತುತ್ತಿದ್ದರು. ಮೇಲೆ ಕಣದ ಅಂಚಿನಲ್ಲಿ ದೊಡ್ಡಪ್ಪ, ಕೆಲಸ ಯಾಕೆ ನಿಂತಿತೆಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು.

"ನಂದೇ," ಎಂದರು ರೈಟರ್. ಆಮೇಲೆ ನನ್ನ ಕಡೆ ತಿರುಗಿ, "ಏನೋ ನಿಂತಿದ್ದೀಯ? ಬನ್ನು ತಾ ಅಂತ ಬೆಳಿಗ್ಗೇನೇ ಹೇಳಿರ್ಲಿಲ್ವಾ ನಿಂಗೆ?"

ಇಲ್ಲದ ಮಾತನ್ನು ಇನ್ನೊಬ್ಬರ ತಲೆಗೆ ಕಟ್ಟುವ ಕಲೆ ನನಗೊಬ್ಬನಿಗೇ ಬರುತ್ತದೆಂದುಕೊಂಡಿದ್ದೆ. ಮರೆತೆ, ಕ್ಷಮಿಸಿ ಎಂದು ಬೈಕು ಹತ್ತಿ ಪೇಟೆಯ ಬೇಕರಿಗೆ ಓಡಿದೆ. ಸಂಜೆ ಮಿಷಿನ್ನಿನ ಮುಖ ಹೆಂಗಸರ ಕಡೆಗೆ ತಿರುಗಿತು. ಅವರು ಒಬ್ಬೊಬ್ಬರಾಗಿ ಅಂಕಿ ಓದಿ ಹೇಳಿದರು, ರೈಟರ್ ತಲೆ ಎತ್ತದೆ ಬರೆದುಕೊಂಡರು. ಜೀಪು ಹೊರಟ ಮೇಲೆ ನನ್ನನ್ನು ಹತ್ತಿರ ಕರೆದರು. ಬೈಗುಳಕ್ಕೆ ಸಿದ್ಧನಾಗಿ ಹೋದೆ.

"ಇನ್ನೇನೇನು ಹೇಳಿದ್ದೀನಿ ನಾನು? ಈಗಲೇ ಹೇಳಿಬಿಡು."

"ಕೊನೇ ದಿನ ಬಾಡೂಟ."

ರೈಟರ್ ಪಕ್ಕದಲ್ಲಿದ್ದ ಹಣ್ಣಿನ ಚೀಲದ ಮೇಲೆ ಕೂತುಬಿಟ್ಟರು. ಪೇಟೆಯಲ್ಲಿ ಮೊಟ್ಟೆ ಪಫ್ಸ್ ತಿಂದು ಬಂದರೂ ಬಾಯಿ ತೊಳೆದೇ ಒಳಗೆ ಕಾಲಿಡಬೇಕಾದ ಮನೆ ನಮ್ಮದು. ದೊಡ್ಡಪ್ಪ ಲಿಂಗಪೂಜೆಯಾಗದೆ ನೀರೂ ಕುಡಿಯುವುದಿಲ್ಲ.

"ಕೋಳಿನಾ, ಕುರಿನಾ?"

"ಅದನ್ನ ಹೇಳಿಲ್ಲ."

"ಸದ್ಯ. ಅಷ್ಟಾದ್ರೂ ಬುದ್ಧಿ ಇತ್ತಲ್ಲ ನನಗೆ."

ದೊಡ್ಡಪ್ಪನಿಗೆ ತಿಳಿಸಲು ಅವರೇ ಹೋದರು. ನಾನು ಕಂಬದ ಮರೆಯಲ್ಲಿದ್ದೆ. "ಹುರುಪಲ್ಲಿ ಹೇಳಿಬಿಟ್ಟೆ ಸಾಹುಕಾರ್ರೇ, ಆಳುಗಳ ಲೈನು ಮನೆ ಹತ್ರ ಮಾಡಿಸ್ತೀನಿ, ಈ ಕಡೆ ಗಾಳಿ ಬರಲ್ಲ," ಎಂದರು. ದೊಡ್ಡಪ್ಪ ಕಣದ ತುಂಬ ಹರಡಿದ್ದ ಹಣ್ಣನ್ನು ಬಹಳ ಹೊತ್ತು ನೋಡಿದರು. ನನ್ನ ಕಂಬವನ್ನೂ ನೋಡಿದರು.

"ಅವತ್ತು ನಂಗೆ ಕುಶಾಲನಗರದಲ್ಲಿ ಕೆಲಸ ಇದೆ," ಎಂದರು.

ಹಣ್ಣು ಕೆಡಿಸುವ ಅಕಾಲ ಮಳೆಯೂ ಬರಲಿಲ್ಲ. ಗಿಡಗಳು ಖಾಲಿಯಾದವು. ಕೊನೆಯ ದಿನ ಬೆಳಿಗ್ಗೆ ದೊಡ್ಡಪ್ಪ ಕುಶಾಲನಗರದ ಬಸ್ಸಿಗೆ ಹೊರಟಾಗ ಗೇಟಿನವರೆಗೆ ಬ್ಯಾಗು ಹಿಡಿದು ಹೋದೆ. ಬ್ಯಾಗಿನಲ್ಲಿ ಏನೂ ಇರಲಿಲ್ಲ. ಬಸ್ಸು ಬಂದು ನಿಂತಿತು. ಮೆಟ್ಟಿಲಿಗೆ ಕಾಲಿಟ್ಟವರು ತಿರುಗಿ, ಕಂಡಕ್ಟರಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದರು:

"ಎಲ್ಲರಿಗೂ ಸಾಕಾಗುತ್ತೇನೋ?"